ಬೂದಿಗೆ ಚೀಟಿ ಅಂಟಿಸಿದವರಿಲ್ಲ

“ನೋಡಿ ಸ್ವಾಮಿ, ಎಲ್ಲರೂ ನೋಡಿ! ನಮ್ಮನೆಯ ಎಂಟನೇ ಕ್ಲಾಸಿನ ವಿಜ್ಞಾನಿ ಮಷಿನ್ನಿಗೆ ಒಗ್ಗರಣೆ ಹಾಕಿದ್ದಾನೆ! ದೇವರು ಮಿದುಳು ಹಂಚೋ ದಿನ ಇವನು ಸಾಲಲ್ಲೇ ನಿಂತಿರಲಿಲ್ಲ.”

ಹಾಗೆಂದು ಚಿಕ್ಕಪ್ಪ ಆಗತಾನೇ ಮುದ್ರಣವಾದ ಹಾಳೆಯೊಂದನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆ ಎತ್ತಿ ಹಿಡಿದ. ಹಾಳೆಯಲ್ಲಿ ಅಕ್ಷರಗಳೇನೋ ಇದ್ದವು. ಆದರೆ ಎಲ್ಲವೂ ತಿಂಗಳಿಡೀ ಜ್ವರದಲ್ಲಿ ಮಲಗಿ ಎದ್ದವರ ಹಾಗಿದ್ದವು. ಅರ್ಧ ಸಾಲು ಕಪ್ಪು, ಉಳಿದರ್ಧ ತೆಳು ಬೂದು, ನಡುನಡುವೆ ಜಿಡ್ಡಿನ ಮಚ್ಚೆ. ಹಿಡಿದು ಬೆಳಕಿಗೆ ತೋರಿಸಿದರೆ ಆಚೆ ಬದಿಯ ಟ್ಯೂಬ್‌ಲೈಟು ಕಾಣುತ್ತಿತ್ತು.

ಪ್ರೆಸ್ಸಿನ ಕೌಂಟರಿನ ಮುಂದೆ ಆಗ ಮೂವರಿದ್ದರು. ಬಿಲ್‌ಬುಕ್ ಮಾಡಿಸಲು ಬಂದಿದ್ದ ಅಂಗಡಿಯವನು ಹೊಟ್ಟೆ ಕುಲುಕಿಸಿ ನಕ್ಕ. ಕಾರ್ಡು ಒಯ್ಯಲು ಬಂದಿದ್ದ ಹೆಂಗಸು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ಮೂರನೆಯವರು ನಗಲಿಲ್ಲ, ಅದೇ ಹುಡುಗನಿಗೆ ಹೆಚ್ಚು ಉರಿಯಿತು. ಅವರು ವಿಜ್ಞಾನದ ಮೇಷ್ಟ್ರು. ಅವನು ಎಂಟನೇ ಕ್ಲಾಸಿನ ಅರ್ಧದಲ್ಲಿ ಚೀಲ ಬಿಸಾಕಿ ಶಾಲೆಯ ಗೇಟು ದಾಟಿದ ದಿನ, “ನಿಲ್ಲೋ” ಎಂದು ಕೂಗಿದ್ದು ಅವರೊಬ್ಬರೇ. ಈಗ ಕೆಟ್ಟು ಕೂತಿದ್ದೂ ಅವರದೇ ಕೆಲಸ, ಶಾಲೆಯ ಮಕ್ಕಳು ಬರೆದ ವಿಜ್ಞಾನದ ಪುಸ್ತಿಕೆ. ಮುನ್ನೂರು ಹಾಳೆ ರದ್ದಿಗೆ ಸೇರಿದ್ದವು.

ಹುಡುಗನನ್ನು ಎಲ್ಲರೂ ಕಿಡಿ ಎನ್ನುತ್ತಿದ್ದರು. ಮೂಗಿನ ತುದಿಯಲ್ಲೇ ಸಿಟ್ಟು. ಯಾರಾದರೂ ಒಂದು ಅಂದರೆ ಎರಡು ತಿರುಗಿಸಿ ಕೊಡದೆ ಊಟ ಮಾಡಿದವನಲ್ಲ. “ಪೆಟ್ರೋಲಿನಂಥ ವಾಶ್ ಡಬ್ಬದ ಪಕ್ಕ ಕಿಡಿ ಇಟ್ಕೊಂಡು ವ್ಯಾಪಾರ ಮಾಡೋ ಗಂಡಸು ಅಂದ್ರೆ ನಾನೊಬ್ಬನೇ” ಎಂದು ಚಿಕ್ಕಪ್ಪ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದ.

“ಒಗ್ಗರಣೆ ಯಾಕೆ ಹಾಕ್ದೆ ಅಂತಾನೂ ಹೇಳು ಚಿಕ್ಕಪ್ಪ,” ಎಂದು ಕಿಡಿ ಸಿಡಿದ. “ಮಡಿಸೋ ಮೇಜಿನ ಹತ್ರ ಕೂರ್ತಿದ್ದ ನಿಮ್ಮಕ್ಕ ಎಲ್ಲಿ ಅಂತ ಬಂದೋರೆಲ್ಲ ಕೇಳ್ತಾರಲ್ಲ, ಅದನ್ನೂ ಹೇಳು. ನಾಲಿಗೆ ಉದ್ದ ಇದೆಯಲ್ಲ, ಅಲ್ಲೀವರೆಗೂ ಚಾಚು.”

ಚಿಕ್ಕಪ್ಪನ ಕೈ ತಾನಾಗಿ ಕೆಳಗಿಳಿಯಿತು. ಅಂಗಡಿಯವನ ನಗು ಅರ್ಧಕ್ಕೆ ನಿಂತಿತು.

ಮಡಿಸುವ ಮೇಜು ಅತ್ತೆಯದು. ಅತ್ತೆಯೆಂದರೆ ಚಿಕ್ಕಪ್ಪನಿಗೆ ಅಕ್ಕ, ಕಿಡಿಯ ಅಪ್ಪನಿಗೂ ಅಕ್ಕ. ಅಪ್ಪ ಅಮ್ಮ ಇಲ್ಲದ ಕಿಡಿಯನ್ನು ಬೆಳೆಸಿದವಳು, ಅದಕ್ಕೂ ಮುಂಚೆ ಈ ಚಿಕ್ಕಪ್ಪನ ಮೂಗು ಒರೆಸಿ ಬೆಳೆಸಿದವಳು. ಮೂವತ್ತೊಂದು ವರ್ಷ ಅದೇ ಮೇಜು, ಅದೇ ಎತ್ತರದ ಸ್ಟೂಲು, ಕೈಯಲ್ಲಿ ಮಡಿಕೆ ಒತ್ತುವ ಅದೇ ಕೊಂಬಿನ ಪಟ್ಟಿ. ದೊಡ್ಡ ಹಾಳೆಯನ್ನು ಒಮ್ಮೆ, ಇನ್ನೊಮ್ಮೆ, ಮತ್ತೊಮ್ಮೆ ಮಡಿಸಿ ಪಟ್ಟಿಯಿಂದ ಸರ್ರನೆ ಎಳೆದಳೆಂದರೆ ಹದಿನಾರು ಪುಟ ಒಂದರ ಹಿಂದೊಂದು ಸರಿಯಾಗಿ ಬಂದು ಕೂರುತ್ತಿದ್ದವು. ಅಂಚು ಕೂದಲೆಳೆ ಆಚೀಚೆ ಆಗುತ್ತಿರಲಿಲ್ಲ.

ಆ ಮೇಜು ದೊಡ್ಡ ಮಷಿನ್ನಿನ ಬೆನ್ನಿಗೇ ಇತ್ತು. ಕೋಣೆಗೆ ಇದ್ದದ್ದು ಒಂದೇ ಕಿಟಕಿ, ಅದೂ ಪಕ್ಕದ ಮನೆಯ ಗೋಡೆಗೆ ಮೂಗು ತಾಗಿಸಿಕೊಂಡು ನಿಂತದ್ದು. ಬಣ್ಣ ಬದಲಾದಾಗಲೆಲ್ಲ, ದಿನದ ಕೆಲಸ ಮುಗಿದಾಗಲೆಲ್ಲ ಮಷಿನ್ನಿನ ರಬ್ಬರ್ ರೋಲರುಗಳನ್ನು ವಾಶ್ ಸುರಿದು ಒರೆಸಬೇಕು. ಬೆಂಕಿಯ ಚಿತ್ರ ಅಂಟಿಸಿದ ಡಬ್ಬದಲ್ಲಿ ಬರುತ್ತಿದ್ದ ಆ ವಾಶ್ ಮಸಿಯನ್ನು ಕ್ಷಣದಲ್ಲಿ ಬಿಡಿಸುತ್ತಿತ್ತು. ಜೊತೆಗೆ ಮನುಷ್ಯನ ಗಂಟಲನ್ನೂ ಬಿಡಿಸುತ್ತಿತ್ತು. ಅತ್ತೆಗೆ ಎರಡು ವರ್ಷದಿಂದ ಕೆಮ್ಮು. ಕೊನೆಗೆ ಡಾಕ್ಟರು ಒಂದೇ ಮಾತು ಹೇಳಿದರು: “ಆ ವಾಸನೆ ಹೋಗಬೇಕು, ಇಲ್ಲಾ ನೀವು ಹೋಗಬೇಕು.”

ಎರಡರಲ್ಲಿ ಸುಲಭವಾದದ್ದನ್ನು ಚಿಕ್ಕಪ್ಪ ಆರಿಸಿಕೊಂಡ. “ಅಕ್ಕ, ಸಾಕು ದುಡಿದಿದ್ದು, ಮನೇಲಿರು” ಎಂದ. ಅವನ ಕಣ್ಣಲ್ಲಿ ನೀರೂ ಇತ್ತು, ಸುಳ್ಳಲ್ಲ. ಆದರೆ ಮರುವಾರವೇ ಒಬ್ಬ ಟೇಪು ಹಿಡಿದು ಬಂದು ಮೇಜಿದ್ದ ಜಾಗವನ್ನು ಉದ್ದಕ್ಕೂ ಅಗಲಕ್ಕೂ ಅಳೆದುಕೊಂಡು ಹೋದ. ಮುಂದಿನ ತಿಂಗಳ ಕೊನೆಗೆ ಅಲ್ಲೊಂದು ಮಡಿಸುವ ಯಂತ್ರ ಬಂದು ಕೂರಲಿತ್ತು. ಯಂತ್ರ ಬಂದು ಕೂತ ಮೇಲೆ ಅತ್ತೆ ಎಲ್ಲಿ ಕೂರುತ್ತಾಳೆ? ಚಿಕ್ಕಪ್ಪನ ತಲೆಯ ಮೇಲಾ?

ಮನೆಯಲ್ಲಿ ಅತ್ತೆ ಮೂರು ವಾರದಿಂದ ಕೈಗೆ ಸಿಕ್ಕಿದ್ದನ್ನೆಲ್ಲ ಮಡಿಸುತ್ತಿದ್ದಳು. ದಿಂಬಿನ ಚೀಲ, ಟವೆಲ್ಲು, ಹಳೇ ಪೇಪರು, ಔಷಧಿ ಅಂಗಡಿಯ ಚೀಟಿ. ಕಿಡಿಯ ಶರ್ಟುಗಳು ಹದಿನಾರು ಪುಟದ ಮಡಿಕೆಯಲ್ಲಿ ಕಪಾಟು ಸೇರಿದ್ದವು. ತೊಟ್ಟುಕೊಂಡು ಹೊರಟರೆ ಬೆನ್ನ ಮೇಲೆ ಚೌಕ ಚೌಕ ಗೆರೆ. “ಪುಟ ಸಂಖ್ಯೆ ಹಾಕೋದೊಂದು ಬಾಕಿ ನೋಡು” ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಕಿಡಿಗೆ ನಗು ಬರುತ್ತಿರಲಿಲ್ಲ. ಅತ್ತೆ ಮಡಿಸುವುದಕ್ಕೆ ಏನೂ ಸಿಗದೆ ತನ್ನ ಸೆರಗನ್ನೇ ಮಡಿಸಿ ಬಿಡಿಸುತ್ತ ಕೂತಿದ್ದನ್ನು ಅವನು ಕಣ್ಣಾರೆ ನೋಡಿದ್ದ.

ಹಾಗಾಗಿಯೇ ಅವನು ಹಿಂದಿನ ಉಗ್ರಾಣಕ್ಕೆ ನುಗ್ಗಿದ್ದು. ಅಲ್ಲಿ ಗೋಣಿ ಹೊದ್ದು ಮಲಗಿತ್ತು ಅಜ್ಜನ ಕಾಲದ ಕಾಲಿನಿಂದ ತುಳಿಯುವ ಮಷಿನ್ನು. ಪಕ್ಕದಲ್ಲಿ ಮರದ ಖಾನೆಗಳ ತುಂಬ ಸೀಸದ ಮೊಳೆಗಳು, ಒಂದೊಂದು ಮೊಳೆಯ ತಲೆಯ ಮೇಲೂ ಒಂದೊಂದು ಅಕ್ಷರ. ಕಿಡಿ ಒಂದನ್ನು ಎತ್ತಿ ಮೂಸಿದ. ವಾಸನೆಯೇ ಇಲ್ಲ. ಅಜ್ಜ ನಲವತ್ತು ವರ್ಷ ಇವುಗಳ ಜೊತೆ ಕೂತು, ಎಂಬತ್ತೆರಡಕ್ಕೆ ಹೋದವನು. ಹೋಗುವ ಹಿಂದಿನ ದಿನವೂ ಕೆಮ್ಮಿರಲಿಲ್ಲ, ಬೈದಿದ್ದ. ಹಾಗಾದರೆ ಅಜ್ಜ ಮಸಿಯನ್ನು ಯಾವುದರಿಂದ ಬಿಡಿಸುತ್ತಿದ್ದ?

ಅಟ್ಟಣಿಗೆಯ ಮೂಲೆಯಲ್ಲಿ ತುಕ್ಕು ಹಿಡಿದ ಡಬ್ಬವೊಂದು ಉತ್ತರ ಕೊಟ್ಟಿತು. ಮೇಲೆ ಅಜ್ಜನ ದುಂಡು ಅಕ್ಷರದ ಚೀಟಿ: ತೊಳೆಯುವ ಎಣ್ಣೆ. ಒಳಗೆ ಎಣ್ಣೆ ಗಟ್ಟಿಯಾಗಿ ಅಂಟಾಗಿತ್ತು. ಅಷ್ಟೇ ಸಾಕಾಯಿತು ಕಿಡಿಗೆ. ಯಾರನ್ನೂ ಕೇಳಲಿಲ್ಲ, ಕೇಳುವ ಜಾಯಮಾನವೂ ಅವನದಲ್ಲ. ರಜೆಯ ದಿನ ಅಗಸೆ ಎಣ್ಣೆ ತಂದು ರೋಲರಿಗೆ ಸುರಿದು ಬಟ್ಟೆಯಿಂದ ಒರೆಸಿದ. ಮಸಿ ಬೆಣ್ಣೆಯಂತೆ ಬಿಟ್ಟು ಬಂತು. ಖಾಲಿ ಪ್ರೆಸ್ಸಿನಲ್ಲಿ ಒಬ್ಬನೇ ಕುಣಿದ. ಮರುದಿನ ಬೆಳಿಗ್ಗೆ ಮೇಷ್ಟ್ರ ಪುಸ್ತಿಕೆ ಏರಿಸಿದಾಗ ರೋಲರಿನಲ್ಲಿ ಉಳಿದಿದ್ದ ಜಿಡ್ಡು ತನ್ನ ಬುದ್ಧಿ ತೋರಿಸಿತು.

“ಇನ್ಮೇಲೆ ಡಬ್ಬದ ವಾಶ್ ಬಿಟ್ಟು ಬೇರೆ ಏನಾದ್ರೂ ಮುಟ್ಟಿದೆಯೋ, ಕೈ ಮುರೀತೀನಿ,” ಎಂದು ಚಿಕ್ಕಪ್ಪ ಮುನ್ನೂರು ಹಾಳೆಯನ್ನು ರದ್ದಿಯ ಮೂಲೆಗೆ ಒದ್ದ. ಮೇಷ್ಟ್ರ ಕಡೆ ತಿರುಗಿ ದನಿ ಬದಲಿಸಿ, “ಸಾರ್, ಶುಕ್ರವಾರ ಖಂಡಿತ ಕೊಡ್ತೀನಿ” ಎಂದ.

ಮೇಷ್ಟ್ರು ಕೊಡೆ ಎತ್ತಿಕೊಂಡು ಬಾಗಿಲವರೆಗೆ ಹೋಗಿ ನಿಂತರು. “ಎಣ್ಣೆ ಮಸೀನ ಬಿಡಿಸ್ತು. ಸರಿ. ಎಣ್ಣೇನ ಬಿಡಿಸೋರು ಯಾರಪ್ಪ?” ಎಂದು ಕಿಡಿಯನ್ನು ಕೇಳಿ, ಉತ್ತರಕ್ಕೆ ಕಾಯದೆ ಮೆಟ್ಟಿಲಿಳಿದರು.

ಇಷ್ಟು ವರ್ಷದ ಮೇಲೂ ಈ ಮನುಷ್ಯನಿಗೆ ಪರೀಕ್ಷೆಯ ಹುಚ್ಚು ಬಿಟ್ಟಿಲ್ಲ ಎಂದು ಕಿಡಿ ಹಲ್ಲು ಕಡಿದ. ಆದರೆ ಪ್ರಶ್ನೆ ಮಧ್ಯಾಹ್ನ ಊಟಕ್ಕೆ ಹೋಗುವವರೆಗೂ ಕಿವಿಯಲ್ಲಿ ಸೊಳ್ಳೆಯ ಹಾಗೆ ಗುಂಯ್ ಎನ್ನುತ್ತಲೇ ಇತ್ತು.

ಅತ್ತೆ ಹಿತ್ತಲ ಕಟ್ಟೆಯ ಮೇಲೆ ಕೂತು ಬಾಣಲೆ ಉಜ್ಜುತ್ತಿದ್ದಳು. ಕಿಡಿ ನಡೆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಕಾರಿಕೊಂಡ. ಒಗ್ಗರಣೆಯ ಮಾತು ಬಂದಾಗ ಅತ್ತೆಗೆ ನಗು ತಡೆಯಲಾಗಲಿಲ್ಲ. ನಕ್ಕಳು, ನಕ್ಕದ್ದಕ್ಕೆ ಕೆಮ್ಮಿದಳು, ಕೆಮ್ಮುತ್ತಲೇ ಮತ್ತೆ ನಕ್ಕಳು.

“ನಗು, ನೀನೂ ನಗು. ನಿನಗೋಸ್ಕರ ಮಾಡಿದ್ದಕ್ಕೆ ಸರಿಯಾಗಿ ಬಹುಮಾನ ಸಿಕ್ತು.”

“ಅಯ್ಯೋ ಪೆದ್ದೇ, ಜಿಡ್ಡಿನ ಬಾಣಲೇನ ಬರೀ ಬಟ್ಟೇಲಿ ಒರೆಸಿ ಕಪಾಟಲ್ಲಿಡ್ತಾರೇನೋ? ಬೂದಿನೀರು ಎಲ್ಲಿ ಹಾಕಿದೆ?”

“ಯಾವ ಬೂದಿನೀರು?”

“ನಮ್ಮಪ್ಪ ಮೊಳೆ ತೊಳೀತಿದ್ದದ್ದು. ಕೆಲಸ ಮುಗಿದ ಮೇಲೆ ಜೋಡಿಸಿದ ಮೊಳೆಗಳ ಮೇಲೆ ಬೂದಿನೀರು ಸುರಿದು ಬ್ರಶ್ಶಲ್ಲಿ ಉಜ್ಜೋದು, ಆಮೇಲೆ ಒಳ್ಳೇ ನೀರು. ಬೂದಿ ಜರಡಿ ಹಿಡಿಯೋಳು ನಾನೇ.”

“ಡಬ್ಬದ ಮೇಲೆ ಎಣ್ಣೆ ಅಂತ ಮಾತ್ರ ಬರೆದಿತ್ತಲ್ಲ!”

“ಬೂದಿಗೆ ಯಾರಾದ್ರೂ ಚೀಟಿ ಅಂಟಿಸ್ತಾರೇನೋ? ಎಣ್ಣೆ ಕೊಂಡು ತರೋದು, ಡಬ್ಬದಲ್ಲಿಟ್ಟು ಹೆಸರು ಬರೆದ. ಬೂದಿ ಒಲೇಲಿ ಬಿದ್ದಿರ್ತಿತ್ತು, ಬಾಚಿಕೊಳ್ತಿದ್ವಿ.”

ಕಿಡಿ ಕಟ್ಟೆಯ ಮೇಲೆ ಕುಸಿದ. “ಮೊದಲೇ ಯಾಕೆ ಹೇಳಲಿಲ್ಲ ಅತ್ತೆ?”

“ನೀನು ಕೇಳಿದ್ದೆಯಾ? ಹಾರಾಡೋದು, ಕಿರಿಚಾಡೋದು ಬಿಟ್ಟು ಒಂದು ಸಲ ಕೂತು ಕೇಳಿದ್ದೆಯಾ?” ಅತ್ತೆ ಬಾಣಲೆಯನ್ನು ಬೋರಲು ಹಾಕಿದಳು. “ಮತ್ತೆ ಇನ್ನೊಂದು ತಿಳ್ಕೋ. ಅಪ್ಪ ಬೂದಿನೀರು ಹಾಕ್ತಿದ್ದದ್ದು ಮೊಳೆಗೆ, ರೋಲರಿಗಲ್ಲ. ಆಗಿನ ರೋಲರು ಅಂಟು, ಬೆಲ್ಲದ ಪಾಕ ಸೇರಿಸಿ ಎರಕ ಹೊಯ್ದಿದ್ದು. ನೀರು ಬಿದ್ರೆ ಕರಗಿ ಹೋಗೋದು, ಅದಕ್ಕೇ ಎಣ್ಣೆ. ಆ ಮಷಿನ್ನಿಗೆ ನೀರಿನ ಕೆಲಸವೇ ಇರಲಿಲ್ಲ, ಒಂಚೂರು ಎಣ್ಣೆ ಉಳಿದ್ರೂ ನಡೀತಿತ್ತು. ನಿಂದು ಅಚ್ಚು ಹಾಕುವಾಗ್ಲೇ ನೀರು ಕುಡಿಯೋ ಮಷಿನ್ನು. ಜಿಡ್ಡು ಕಂಡ್ರೆ ಮುನಿಸಿಕೊಳ್ಳುತ್ತೆ.”

“ಹಾಗಾದ್ರೆ ನಂದು ರಬ್ಬರ್ ರೋಲರು. ನೀರು ಬಿದ್ರೆ ಕರಗಲ್ಲ. ಮೊದಲು ಎಣ್ಣೆ, ಮೇಲೆ ಬೂದಿನೀರು...”

“ಎರಡನ್ನೂ ಸೇರಿಸಿ ಯಾರೂ ಮಾಡಿಲ್ಲ. ನಿಮ್ಮಜ್ಜ ಎದ್ದು ಬಂದ್ರೂ ಗೊತ್ತಿಲ್ಲ ಅಂತಾನೆ. ನೋಡಬೇಕು ಅಷ್ಟೇ. ಮತ್ತೆ ಆಗಿನ ಕಾಲ ಚೆನ್ನಾಗಿತ್ತು ಅಂತ ತುತ್ತೂರಿ ಊದಬೇಡ. ಆ ಬೂದಿನೀರಲ್ಲಿ ನನ್ನ ಬೆರಳ ಸಂದೆಲ್ಲ ಬಿರುಕು ಬಿಟ್ಟಿತ್ತು. ಡಬ್ಬದ ವಾಶ್ ಬಂದ ದಿನ ಮೊದಲು ಕುಣಿದೋಳು ನಾನೇ.”

ಮರುದಿನ ಬೆಳಕು ಹರಿಯುತ್ತಲೇ ಕಿಡಿ ಬೀದಿಯ ಕೊನೆಯ ಬೇಕರಿಯ ಮುಂದೆ ಬಕೆಟ್ಟು ಹಿಡಿದು ನಿಂತಿದ್ದ. ಅಲ್ಲಿ ಇನ್ನೂ ಸೌದೆ ಒಲೆ.

“ಬೂದಿನಾ? ಯಾರಿಗೆ ಬಳಿಯಕ್ಕೆ?” ಎಂದ ಬೇಕರಿಯವನು.

“ಚಿಕ್ಕಪ್ಪನಿಗೆ.”

“ಹಾಗಾದ್ರೆ ಇನ್ನೊಂದು ಬಕೆಟ್ ತಗೊಂಡ್ಹೋಗು.”

ಅತ್ತೆ ಬೂದಿಯನ್ನು ಜರಡಿ ಹಿಡಿದು, ನೀರಿಗೆ ಹಾಕಿ, ಕಲಕಿ ಬಿಟ್ಟಳು. ಬೂದಿ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿದಳು. ಎರಡು ಬೆರಳ ನಡುವೆ ಒಂದು ಹನಿ ಉಜ್ಜಿ, “ಜಾರಬೇಕು, ಆದ್ರೆ ಉರೀಬಾರದು. ಗಟ್ಟಿಯಾಗಿದೆ, ಇನ್ನೆರಡು ಚೊಂಬು ನೀರು ಹುಯ್ಯಿ” ಎಂದಳು. ರಬ್ಬರಿನ ಕೈಗವಸು ಹಾಕಿಕೊಳ್ಳದೆ ಬಕೆಟ್ ಮುಟ್ಟುವುದಿಲ್ಲವೆಂದು ಕಿಡಿಯಿಂದ ಆಣೆ ಮಾಡಿಸಿದಳು. ಸವೆದು ಎಸೆದಿದ್ದ ಹಳೇ ರಬ್ಬರ್ ರೋಲರಿನ ತುಂಡನ್ನು ಆ ನೀರಿನಲ್ಲಿ ಒಂದು ಹಗಲು ಒಂದು ರಾತ್ರಿ ಮುಳುಗಿಸಿಟ್ಟರು. ತೆಗೆದು ಉಗುರಿಂದ ಒತ್ತಿ ನೋಡಿದರು. ಉಬ್ಬಿರಲಿಲ್ಲ, ಬಿರಿದಿರಲಿಲ್ಲ, ಅಂಟಾಗಿರಲಿಲ್ಲ. ಜೀವನದಲ್ಲಿ ಮೊದಲ ಸಲ ಕಿಡಿ ಒಂದಿಡೀ ದಿನ ಸುಮ್ಮನೆ ಕಾದಿದ್ದ.

ಶುಕ್ರವಾರ ಬೆಳಿಗ್ಗೆ ಚಿಕ್ಕಪ್ಪ ಷಟರ್ ಎತ್ತುವಾಗ ಮೆಟ್ಟಿಲ ಮೇಲೆ ಅತ್ತೆ ಕೂತಿದ್ದಳು. ಮೂಗಿಗೆ ಮಾಸ್ಕು, ಪಕ್ಕದಲ್ಲಿ ಎರಡು ಬಕೆಟ್ಟು, ಹಿಂದೆ ಕಿಡಿ.

“ಅಕ್ಕ! ನೀನ್ಯಾಕೆ ಇಲ್ಲಿ? ಡಾಕ್ಟರು...”

“ಡಾಕ್ಟರು ವಾಸನೆ ಹೋಗಬೇಕು ಅಂತಾನೂ ಅಂದಿದ್ರು. ಆ ಅರ್ಧ ನಿನ್ನ ಕಿವಿಗೆ ಬೀಳಲಿಲ್ಲ. ಪಕ್ಕಕ್ಕೆ ಸರಿ.”

“ಇವತ್ತು ಮೇಷ್ಟ್ರ ಕೆಲಸ ಕೊಡಬೇಕು ಅಕ್ಕ. ಮತ್ತೆ ಕೆಟ್ರೆ ನನ್ನ ಮಾನ ಹೋಗುತ್ತೆ.”

“ನಿನ್ನ ಮಾನ ನಂಗೊತ್ತಿಲ್ವೇನೋ? ಆರು ವರ್ಷದವರೆಗೂ ಅದಕ್ಕೆ ಚಡ್ಡಿ ಹಾಕಿಸ್ತಿದ್ದೋಳು ನಾನು.”

ಅಷ್ಟರಲ್ಲಿ ಮೇಷ್ಟ್ರೂ ಬಂದರು, ಬಿಲ್‌ಬುಕ್ಕಿನ ಅಂಗಡಿಯವನೂ ಬಂದ. ಜನ ಸೇರಿದ ಮೇಲೆ ಅಕ್ಕನ ಬಾಯಿಗೆ ಎದುರಾಡುವ ಧೈರ್ಯ ಚಿಕ್ಕಪ್ಪನಿಗಿರಲಿಲ್ಲ. ಪಕ್ಕದಲ್ಲಿದ್ದ ಸಣ್ಣ ಮಷಿನ್ನಿನ ಕಡೆ ಕೈ ತೋರಿಸಿ, “ಒಂದು ಸಲ. ಒಂದೇ ಒಂದು ಸಲ. ಕೆಟ್ಟರೆ ನಾಳೆ ಮಡಿಸೋ ಯಂತ್ರದೋನಿಗೆ ಫೋನ್ ಮಾಡಿ, ಬೇಗ ತಂದುಬಿಡು ಅಂತೀನಿ” ಎಂದ.

ಕಿಡಿ ಹಿಂದಿನ ದಿನ ಬೇಕೆಂದೇ ತೊಳೆಯದೆ ಬಿಟ್ಟಿದ್ದ, ಕಪ್ಪು ಮಸಿ ಮೆತ್ತಿಕೊಂಡಿದ್ದ ರೋಲರುಗಳಿಗೆ ಎಣ್ಣೆ ಬಿಟ್ಟು ಮಷಿನ್ನನ್ನು ನಿಧಾನಕ್ಕೆ ತಿರುಗಿಸಿದ. ಮಸಿ ಕರಗಿ ಇಳಿಯಿತು. ಬಟ್ಟೆಯಿಂದ ಒರೆಸಿದ. ಇಷ್ಟನ್ನು ಚಿಕ್ಕಪ್ಪ ಮೊದಲೇ ನೋಡಿದ್ದ, “ಒಗ್ಗರಣೆ ಆಯ್ತು” ಎಂದು ಗೊಣಗಿದ. ಕಿಡಿಯ ಬಾಯಿಯವರೆಗೂ ಬಂದದ್ದನ್ನು ಅತ್ತೆಯ ಒಂದು ಕಣ್ಣೋಟ ಅಲ್ಲೇ ತಡೆಯಿತು. ಅವನು ಎರಡನೇ ಬಕೆಟ್ಟಿನಿಂದ ಬೂದಿನೀರನ್ನು ಸ್ವಲ್ಪ ಸ್ವಲ್ಪವಾಗಿ ಚಿಮುಕಿಸಿದ. ರೋಲರು ಒಂದು ಸುತ್ತು ಸುತ್ತಿತು, ಎರಡು ಸುತ್ತು ಸುತ್ತಿತು. ಮೂರನೇ ಸುತ್ತಿಗೆ ಅದರ ಮೈಮೇಲೆ ಸಣ್ಣ ಬಿಳಿ ನೊರೆ ಎದ್ದಿತು.

“ಓಹೋ!” ಎಂದು ಮೇಷ್ಟ್ರು ಕನ್ನಡಕ ಮೇಲೇರಿಸಿ ಹತ್ತಿರ ಬಾಗಿದರು. “ಎಣ್ಣೆಗೆ ಬೂದಿನೀರು ಸೇರಿದ್ರೆ ಸೋಪು. ಅಲ್ಲೇ ಹುಟ್ಟಿ ಅಲ್ಲೇ ತೊಳೀತಾ ಇದೆ. ಎಣ್ಣೇನೇ ತನ್ನ ಸೋಪು ತಾನು ಮಾಡಿಕೊಂಡ ಹಾಗಾಯ್ತು!”

“ನಮ್ಮಪ್ಪನಿಗೆ ಇದೆಲ್ಲ ಗೊತ್ತಿರಲಿಲ್ಲ ಮೇಷ್ಟ್ರೇ,” ಎಂದಳು ಅತ್ತೆ. “ಮೊಳೆ ಬೆಳ್ಳಗಾಗೋದು ಗೊತ್ತಿತ್ತು.”

ಒಳ್ಳೆಯ ನೀರಿನಲ್ಲಿ ಎರಡು ಸಲ ಒರೆಸಿ, ಒಣ ಬಟ್ಟೆ ಆಡಿಸಿ, ಕಿಡಿ ಹೊಸ ಮಸಿ ಏರಿಸಿ ಮಷಿನ್ ಬಿಟ್ಟ. ಮೊದಲ ಹಾಳೆ ಬಂತು. ತೆಳು. ಎರಡನೆಯದೂ ತೆಳು. ಮೂರನೆಯದು ಬರುವಾಗ ಚಿಕ್ಕಪ್ಪ ಜೇಬಿನಿಂದ ಫೋನು ತೆಗೆದಿದ್ದ. ಕಿಡಿ ಕಾಗದದ ಅಂಚು ಸರಿಮಾಡಿ ಮತ್ತೆ ಒಳಗೆ ಬಿಟ್ಟ. ಅತ್ತೆ ತನ್ನ ಹಳೇ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದು ನಿಂತಿದ್ದಳು.

“ತಾಳೋ ತಮ್ಮ. ಡಬ್ಬದ ವಾಶ್ ಹಾಕಿದಾಗ ಮೊದಲು ಎಷ್ಟು ಹಾಳೆ ರದ್ದಿಗೆ ಬಿಡ್ತೀಯ?”

“ಎಂಟು, ಹತ್ತು...”

“ಇದಕ್ಕೂ ಹತ್ತು ಕೊಡು.”

ಏಳನೇ ಹಾಳೆ ಕಪ್ಪಗೆ ಬಂತು. ಎಂಟನೆಯದು ಕಾಗೆಯಷ್ಟು ಕಪ್ಪು. ಒಂಬತ್ತನೆಯದನ್ನು ಚಿಕ್ಕಪ್ಪ ತಾನೇ ಎಳೆದುಕೊಂಡು ಬೆಳಕಿಗೆ ಹಿಡಿದ, ಮಗುಚಿ ಹಿಡಿದ, ಹೆಬ್ಬೆರಳಿಂದ ಒತ್ತಿದ, ಕೊನೆಗೆ ಮೂಸಿ ನೋಡಿದ. ಜಿಡ್ಡಿಲ್ಲ, ಮಚ್ಚೆಯಿಲ್ಲ. ಒಂದು ಮಗು ಬರೆದ ಮಿಡತೆಯ ಚಿತ್ರದಲ್ಲಿ ಕಾಲಿನ ಕೂದಲು ಕೂಡ ಎಣಿಸುವ ಹಾಗಿತ್ತು.

ಅತ್ತೆ ಮಾಸ್ಕನ್ನು ಕೆಳಗೆ ಎಳೆದುಕೊಂಡಳು. ಒಂದು ಸಲ ನಿಧಾನವಾಗಿ ಉಸಿರೆಳೆದಳು. ಎಲ್ಲರೂ ಅವಳ ಬಾಯಿಯನ್ನೇ ನೋಡಿದರು. ಕೆಮ್ಮು ಬರಲಿಲ್ಲ.

“ಅಗಸೆ ಎಣ್ಣೆ ವಾಸನೆ,” ಎಂದಳು. “ಅಪ್ಪನ ಅಂಗಿ ವಾಸನೆ.”

ಚಿಕ್ಕಪ್ಪನಿಗೆ ಸೋಲೊಪ್ಪಲು ಇನ್ನೂ ಮನಸ್ಸಿರಲಿಲ್ಲ. ಗಡಿಯಾರ ನೋಡಿ, “ಎಲ್ಲಾ ಸರಿ. ಆದ್ರೆ ಅರ್ಧ ಗಂಟೆ ಹಿಡೀತು. ಡಬ್ಬದ್ದಾದ್ರೆ ಹತ್ತು ನಿಮಿಷ. ದಿನಾ ಇಪ್ಪತ್ತು ನಿಮಿಷ ಎಲ್ಲಿಂದ ತರ್ಲಿ?” ಎಂದ.

“ನಾಲ್ಕು ಗಂಟೆಗೆ ಎದುರುಗಡೆ ಟೀ ಕುಡಿಯಕ್ಕೆ ಹೋಗಿ ಎಷ್ಟೊತ್ತಿಗೆ ಬರ್ತೀಯ?” ಎಂದಳು ಅತ್ತೆ.

ಅಂಗಡಿಯವನು ಈ ಸಲವೂ ಹೊಟ್ಟೆ ಕುಲುಕಿಸಿ ನಕ್ಕ. ಯಾರ ಕಡೆಗೆ ನಗುತ್ತಿದ್ದಾನೆಂಬುದು ಮಾತ್ರ ಬದಲಾಗಿತ್ತು.

ಎರಡು ವಾರ ಸಣ್ಣ ಮಷಿನ್ನಿನಲ್ಲಿ ನೋಡಿ, ಆಮೇಲೆ ದೊಡ್ಡ ಮಷಿನ್ನಿಗೂ ಅದನ್ನೇ ಹಿಡಿದರು. ಕೆಂಪು ಮಸಿ ಹಠಮಾರಿ, ಎರಡು ಸಲ ಬೂದಿನೀರು ಕೇಳುತ್ತಿತ್ತು. ಒಂದು ದಿನ ಕಿಡಿ ಅವಸರ ಮಾಡಿ ಒಳ್ಳೆಯ ನೀರಿನಿಂದ ಒರೆಸುವುದನ್ನು ಮರೆತು ಐವತ್ತು ಹಾಳೆ ಕೆಡಿಸಿ ಬೈಸಿಕೊಂಡ. ಕೊಳೆನೀರನ್ನು ಚರಂಡಿಗೆ ಬಿಡದೆ ಡ್ರಮ್ಮಿನಲ್ಲಿ ನಿಲ್ಲಿಸಿ, ಮಸಿ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಮತ್ತೆ ಬಳಸುವ ಉಪಾಯ ಅತ್ತೆ ಹೇಳಿದಳು, ಈ ಸಲ ಅವನು ಕೇಳಿದ್ದರಿಂದ. ಬೆಂಕಿ ಚಿತ್ರದ ಡಬ್ಬಗಳು ಬರುವುದು ನಿಂತಿತು. ಡಾಕ್ಟರು ಅತ್ತೆಯ ಎದೆಗೆ ಕೊಳವೆ ಇಟ್ಟು ಕೇಳಿ, “ಹೋಗಿ ನೋಡಿ, ಕೆಮ್ಮು ಬಂದ್ರೆ ತಿರುಗಿ ಬನ್ನಿ” ಎಂದರು.

ತಿಂಗಳ ಕೊನೆಯ ದಿನ ಟೇಪಿನವನು ಬಂದಾಗ ಆ ಜಾಗದಲ್ಲಿ ಅತ್ತೆ ಎತ್ತರದ ಸ್ಟೂಲಿನ ಮೇಲೆ ಕೂತು ಹಾಳೆ ಮಡಿಸುತ್ತಿದ್ದಳು. ಅದೇ ಹೊತ್ತಿಗೆ ಮೇಷ್ಟ್ರೂ ಹತ್ತು ಹನ್ನೆರಡು ಮಕ್ಕಳನ್ನು ಕರೆತಂದಿದ್ದರು, ನೊರೆ ತೋರಿಸಲು. ಕೋಣೆ ಕಿಕ್ಕಿರಿದಿತ್ತು. ಕಿಡಿ ರೋಲರು ಒರೆಸುತ್ತಿದ್ದ, ಮೊಣಕೈವರೆಗೂ ಮಸಿ.

“ಜಾಗ ಖಾಲಿ ಇಲ್ಲಪ್ಪ,” ಎಂದು ಚಿಕ್ಕಪ್ಪ ಟೇಪಿನವನನ್ನು ಸಾಗಹಾಕಿದ. ಬಂದವರಿಗೆಲ್ಲ ಕೇಳಿಸುವಂತೆ ಗಂಟಲು ಸರಿಮಾಡಿಕೊಂಡ. “ನೋಡಿ ಮಕ್ಕಳೇ, ಇದು ನಮ್ಮಪ್ಪನ ವಿದ್ಯೆ. ನಮ್ಮಕ್ಕ ಇಲ್ಲಿಂದ ಹೋಗಬಾರದು ಅಂತ ನಾನು ರಾತ್ರಿ ಹಗಲು ತಲೆ ಕೆಡಿಸ್ಕೊಂಡೆ. ಎಣ್ಣೆ ಅಂದ್ಕೊಂಡೆ, ಬೂದಿ ಅಂದ್ಕೊಂಡೆ, ಎರಡನ್ನೂ ಯಾಕೆ ಸೇರಿಸಬಾರದು ಅಂದ್ಕೊಂಡೆ. ಇವನಿಗೆ ಓದು ಇಲ್ಲ, ಪಾಪ. ಒಂದೊಂದಾಗಿ ಬಿಡಿಸಿ ಹೇಳಿಕೊಟ್ಟೆ. ಈಗ ಕೈ ಕುದುರಿದೆ. ಅಲ್ವೇನೋ ಕಿಡಿ?”

ಮೇಷ್ಟ್ರು ಕೆಮ್ಮಿದರು. ಮಕ್ಕಳು ಕಿಡಿಯ ಮುಖ ನೋಡಿದರು. ಕಿಡಿಯ ನಾಲಿಗೆಯ ತುದಿಯಲ್ಲಿ ಐದು ಉತ್ತರಗಳು ಸಾಲಾಗಿ ನಿಂತಿದ್ದವು, ಒಂದಕ್ಕಿಂತ ಒಂದು ಹರಿತ. ಐದನೆಯದಂತೂ ಚಿಕ್ಕಪ್ಪ ವರ್ಷವಿಡೀ ತಲೆಯೆತ್ತದಂಥದ್ದು. ಅವನು ಬಟ್ಟೆ ಕೆಳಗಿಟ್ಟು ನೆಟ್ಟಗೆ ನಿಂತ.

ಬೆನ್ನ ಹಿಂದೆ ಕೊಂಬಿನ ಪಟ್ಟಿ ಸರ್ರೆಂದಿತು. ಮತ್ತೆ ಸರ್ರೆಂದಿತು. ಅತ್ತೆ ಯಾರ ಮಾತನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ತುಟಿಯಲ್ಲೇ ಎಣಿಸುತ್ತ ಮಡಿಸುತ್ತಿದ್ದಳು, ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ತಮೂರು. ಅವಳ ಎಡಗೈ ಪಕ್ಕದ ಹಾಳೆಗೆ ಚಾಚಿತು. ಅಲ್ಲಿ ಹಾಳೆ ಮುಗಿದಿತ್ತು.

“ಏನೋ, ಅಲ್ವೇನೋ?” ಎಂದು ಚಿಕ್ಕಪ್ಪ ಇನ್ನೊಮ್ಮೆ ಕೇಳಿದ.

ಕಿಡಿ ಕೈ ಒರೆಸಿಕೊಂಡು, ಮಕ್ಕಳ ನಡುವೆ ದಾರಿ ಮಾಡಿಕೊಂಡು, ಅತ್ತೆಗೆ ಹಾಳೆ ತರಲು ಒಳಗೆ ನಡೆದ.